ಬಿಸಿಲಿಗೇ ಟೋಪಿ ಹಾಕಿದವರು

1981ರಲ್ಲಿ ಆಸ್ಟ್ರೇಲಿಯಾದ ಟಿ.ವಿ. ಪರದೆಯ ಮೇಲೆ ಕಡಲಹಕ್ಕಿಯೊಂದು ಕುಣಿಯತೊಡಗಿತು. ಕಾರ್ಟೂನ್ ಹಕ್ಕಿ, ಹೆಸರು ಸಿಡ್. ಹಾಡಿಕೊಂಡು, ಹೆಜ್ಜೆ ಹಾಕಿಕೊಂಡು ಅದು ಜನರಿಗೆ ಹೇಳುತ್ತಿದ್ದದ್ದು ಮೂರೇ ಕೆಲಸ: ಮೈಮೇಲೆ ಅಂಗಿ ಹಾಕಿ, ಸನ್‌ಸ್ಕ್ರೀನ್ ಬಳಿದುಕೊಳ್ಳಿ, ತಲೆಗೆ ಟೋಪಿ ಇಡಿ. ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಎಂಬ ಈ ಪ್ರಚಾರವನ್ನು ಶುರು ಮಾಡಿದ್ದು ವಿಕ್ಟೋರಿಯಾ ರಾಜ್ಯದ ಕ್ಯಾನ್ಸರ್ ವಿರೋಧಿ ಮಂಡಳಿ. 2007ರಲ್ಲಿ ಇದಕ್ಕೆ ಇನ್ನೆರಡು ಸೇರಿದವು: ನೆರಳು ಹುಡುಕಿ, ಕಪ್ಪು ಕನ್ನಡಕ ಏರಿಸಿ.

ಹಕ್ಕಿಯಿಂದ ಹಾಡಿಸುವಷ್ಟು ತುರ್ತು ಏನಿತ್ತು? ಆಸ್ಟ್ರೇಲಿಯಾದ ಪ್ರತಿ ಮೂವರಲ್ಲಿ ಇಬ್ಬರಿಗೆ 70 ವರ್ಷ ತುಂಬುವುದರೊಳಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ ಎಂಬುದು ಅಲ್ಲಿನ ಅಂದಾಜು. ಜಗತ್ತಿನಲ್ಲಿ ಮೆಲನೋಮಾ ಎಂಬ ಮಾರಕ ಚರ್ಮದ ಕ್ಯಾನ್ಸರ್ ಅತಿ ಹೆಚ್ಚು ಇರುವುದು ಈ ದೇಶದಲ್ಲಿ ಮತ್ತು ಪಕ್ಕದ ನ್ಯೂಜಿಲೆಂಡಿನಲ್ಲಿ.

ಕಾರಣ ಚರಿತ್ರೆಯಲ್ಲಿದೆ. ಹದಿನೆಂಟನೆಯ ಶತಮಾನದ ಕೊನೆಯಿಂದ ಅಲ್ಲಿಗೆ ಬಂದು ನೆಲೆಸಿದವರಲ್ಲಿ ಹೆಚ್ಚಿನವರು ಬ್ರಿಟನ್ ಮತ್ತು ಐರ್ಲೆಂಡಿನವರು. ಮೋಡ ಕವಿದ ಉತ್ತರದ ಆಕಾಶಕ್ಕೆ ಹೊಂದಿಕೊಂಡ ತೆಳುಬಣ್ಣದ ಚರ್ಮ, ಸಮಭಾಜಕಕ್ಕೆ ಎಷ್ಟೋ ಹತ್ತಿರದ ಸೂರ್ಯನ ಕೆಳಗೆ ಬಂದು ನಿಂತಿತು. ಅಲ್ಲಿ ಬೇಸಿಗೆ ಬರುವುದು ಡಿಸೆಂಬರ್-ಜನವರಿಯಲ್ಲಿ. ಭೂಮಿ ಸೂರ್ಯನಿಗೆ ಅತಿ ಸಮೀಪ ಇರುವುದೂ ಅದೇ ಜನವರಿಯಲ್ಲಿ. ಗಾಳಿ ಶುಭ್ರ, ಆಕಾಶ ನಿಚ್ಚಳ, ರಜೆ ಬಂದರೆ ಕಡಲ ದಂಡೆಯಲ್ಲಿ ಮೈ ಒಡ್ಡಿ ಮಲಗುವ ಚಟ. ಓಝೋನ್ ರಂಧ್ರದಿಂದಲೇ ಇದೆಲ್ಲ ಆಯಿತೆಂದು ಹಲವರು ತಿಳಿದಿದ್ದಾರೆ. ಆದರೆ ಆ ರಂಧ್ರ ಪತ್ತೆಯಾದದ್ದು 1985ರಲ್ಲಿ, ಹಕ್ಕಿ ಕುಣಿಯತೊಡಗಿ ನಾಲ್ಕು ವರ್ಷವಾದ ಮೇಲೆ. ಮುಖ್ಯ ಸಮಸ್ಯೆ ಚರ್ಮಕ್ಕೂ ನೆಲಕ್ಕೂ ಕೂಡಿಬಾರದ ಜೋಡಿ. ಸಾವಿರಾರು ವರ್ಷಗಳಿಂದ ಅದೇ ಬಿಸಿಲಲ್ಲಿ ಬಾಳಿದ ಅಲ್ಲಿನ ಮೂಲನಿವಾಸಿಗಳಲ್ಲಿ ಮೆಲನೋಮಾ ಕಡಿಮೆ.

ಚರ್ಮದೊಳಗೆ ನಡೆಯುವುದೇನು?

ಬಿಸಿಲಿನ ಬೆಳಕು ಕಣ್ಣಿಗೆ ಕಾಣುತ್ತದೆ, ಶಾಖ ಮೈಗೆ ತಟ್ಟುತ್ತದೆ. ಚರ್ಮ ಕೆಡಿಸುವ ನೇರಳಾತೀತ ಕಿರಣ ಮಾತ್ರ ಕಾಣುವುದೂ ಇಲ್ಲ, ತಟ್ಟುವುದೂ ಇಲ್ಲ. ಇದರಲ್ಲಿ ಮೂರು ಬಗೆ. ‘ಸಿ’ ಕಿರಣವನ್ನು ವಾತಾವರಣವೇ ತಡೆಯುತ್ತದೆ. ನೆಲ ಮುಟ್ಟುವ ನೇರಳಾತೀತದಲ್ಲಿ ಸುಮಾರು ಶೇ 95 ಭಾಗ ‘ಎ’, ಉಳಿದದ್ದು ‘ಬಿ’. ಚರ್ಮ ಕೆಂಪಾಗಿ ಸುಟ್ಟು ಸಿಪ್ಪೆ ಏಳುವಂತೆ ಮಾಡುವುದು ಹೆಚ್ಚಾಗಿ ‘ಬಿ’. ‘ಎ’ ಇನ್ನೂ ಆಳಕ್ಕೆ ಇಳಿದು ಚರ್ಮದ ಬಿಗುವನ್ನು ಹಾಳುಗೆಡವುತ್ತದೆ, ಸುಕ್ಕು ತರುತ್ತದೆ. ಕಿಟಕಿಯ ಗಾಜು ‘ಬಿ’ಯನ್ನು ತಡೆಯುತ್ತದೆ, ‘ಎ’ಯನ್ನು ಅಷ್ಟಾಗಿ ತಡೆಯದು.

ಇದಕ್ಕೆ ಒಂದು ಮುಖವೇ ಸಾಕ್ಷಿಯಾಯಿತು. 2012ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದು 69 ವರ್ಷದ ಚಾಲಕನೊಬ್ಬನ ಚಿತ್ರ ಪ್ರಕಟಿಸಿತು. 28 ವರ್ಷ ಟ್ರಕ್ ಓಡಿಸಿದ ಆತನ ಮುಖದ ಬಲಭಾಗ ವಯಸ್ಸಿಗೆ ತಕ್ಕಂತಿತ್ತು. ಕಿಟಕಿಯ ಕಡೆಗಿದ್ದ ಎಡಭಾಗದ ಚರ್ಮ ದಪ್ಪಗಟ್ಟಿ, ಜೋತು, ಸುಕ್ಕುಸುಕ್ಕಾಗಿತ್ತು. ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿದೆ. ಲಾರಿ, ಬಸ್ಸು, ಟ್ಯಾಕ್ಸಿಗಳ ಚಾಲಕರ ಬಲಗೈ ಮತ್ತು ಬಲಗೆನ್ನೆ ಹೆಚ್ಚು ಕಪ್ಪಾಗುವುದು ಇದೇ ಲೆಕ್ಕದಲ್ಲಿ.

ಸುಕ್ಕಿಗಿಂತ ದೊಡ್ಡ ಹಾನಿ ಜೀವಕೋಶದ ಒಳಗೆ. ನೇರಳಾತೀತ ಕಿರಣ ತಾಗಿದಾಗ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಎರಡು ಘಟಕಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದೇಹದ ರಿಪೇರಿ ವ್ಯವಸ್ಥೆ ಆ ತುಣುಕನ್ನು ಕತ್ತರಿಸಿ ತೆಗೆದು ಹೊಸದನ್ನು ಕೂರಿಸುತ್ತದೆ. ಈ ರಿಪೇರಿಯ ಬಗೆಯನ್ನು ಬಿಡಿಸಿ ತೋರಿಸಿದ ಅಜೀಜ್ ಸಂಜಾರ್ ಅವರಿಗೆ 2015ರಲ್ಲಿ ರಸಾಯನವಿಜ್ಞಾನದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ವರ್ಷಗಟ್ಟಲೆ ಹಾನಿ ಬೀಳುತ್ತಲೇ ಇದ್ದರೆ ಕೆಲವು ತಪ್ಪುಗಳು ರಿಪೇರಿಯ ಕಣ್ಣು ತಪ್ಪಿಸಿ ಉಳಿದುಬಿಡುತ್ತವೆ. ಜೀವಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಜೀನ್‌ನಲ್ಲೇ ಅಂಥ ತಪ್ಪು ಕೂತರೆ ಕ್ಯಾನ್ಸರಿಗೆ ದಾರಿ ತೆರೆಯಿತು. ರಿಪೇರಿ ವ್ಯವಸ್ಥೆಯೇ ಕೆಟ್ಟು ಹುಟ್ಟುವ ಅಪರೂಪದ ಮಕ್ಕಳಿದ್ದಾರೆ. ಬಿಸಿಲಿನಿಂದ ಪೂರ್ತಿ ಮರೆಮಾಡದಿದ್ದರೆ ಎಳೆವಯಸ್ಸಿನಲ್ಲೇ ಅವರಿಗೆ ಚರ್ಮದ ಕ್ಯಾನ್ಸರ್ ಬರುತ್ತದೆ.

ನ್ಯಾಂಬರ್ ಪಟ್ಟಣದ ಪ್ರಯೋಗ

ಕ್ರೀಮ್ ಹಚ್ಚಿದರೆ ನಿಜಕ್ಕೂ ಕ್ಯಾನ್ಸರ್ ತಪ್ಪುತ್ತದೆಯೇ? ಇದಕ್ಕೆ ನೇರ ಉತ್ತರ ಸಿಕ್ಕಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ರಾಜ್ಯದ ನ್ಯಾಂಬರ್ ಎಂಬ ಸಣ್ಣ ಪಟ್ಟಣದಲ್ಲಿ. ಏಡೆಲ್ ಗ್ರೀನ್ ಎಂಬ ವಿಜ್ಞಾನಿಯ ತಂಡ 1992ರಲ್ಲಿ ಅಲ್ಲಿನ 1,621 ಮಂದಿಯನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ವಿಂಗಡಿಸಿತು. ಕೆಲವರು ತಲೆ, ಕುತ್ತಿಗೆ, ತೋಳು, ಕೈಗಳಿಗೆ ದಿನವೂ ಸನ್‌ಸ್ಕ್ರೀನ್ ಹಚ್ಚಬೇಕು. ಉಳಿದವರು ಎಂದಿನಂತೆ ತಮಗೆ ತೋಚಿದಾಗ ಹಚ್ಚಿಕೊಳ್ಳಬಹುದು. ಇದು 1996ರವರೆಗೆ ನಡೆಯಿತು. ದಿನವೂ ಹಚ್ಚಿದವರಲ್ಲಿ ಸ್ಕ್ವಾಮಸ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಗಡ್ಡೆಗಳು ಸುಮಾರು ಶೇ 40ರಷ್ಟು ಕಡಿಮೆಯಾದವು. ಪ್ರಯೋಗ ಮುಗಿದ ಮೇಲೂ ತಂಡ ಇವರನ್ನು ಹತ್ತು ವರ್ಷ ಗಮನಿಸುತ್ತ ಬಂತು. 2011ರಲ್ಲಿ ಹೊರಬಂದ ಲೆಕ್ಕ ಇದು: ತೋಚಿದಾಗ ಹಚ್ಚಿದವರಲ್ಲಿ 22 ಮೆಲನೋಮಾ, ದಿನವೂ ಹಚ್ಚಿದವರಲ್ಲಿ 11.

ಆ ದೇಶ ಕ್ರೀಮನ್ನೇ ನಂಬಿ ಕೂರಲಿಲ್ಲ. ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಟೋಪಿ ತರದ ಮಗುವಿಗೆ ಬಯಲಲ್ಲಿ ಆಟವಿಲ್ಲ, ನೆರಳಲ್ಲೇ ಕೂರಬೇಕು. ನಿಗದಿತ ಮಟ್ಟದ ಸನ್‌ಸ್ಕ್ರೀನ್‌ಗೆ ಜಿಎಸ್‌ಟಿ ಇಲ್ಲ. ಕೃತಕ ನೇರಳಾತೀತ ದೀಪದ ಕೆಳಗೆ ಮಲಗಿಸಿ ಮೈ ಕಂದಿಸುವ ‘ಸೋಲೇರಿಯಂ’ ಅಂಗಡಿಗಳ ಕತೆಯೂ ಮುಗಿಯಿತು. ಮೆಲ್ಬರ್ನ್‌ನ ಕ್ಲೇರ್ ಆಲಿವರ್ ಎಂಬ ತರುಣಿ ಮೆಲನೋಮಾದಿಂದ ಸಾಯುವ ಮುನ್ನ, ತನ್ನ ಕೊನೆಯ ವಾರಗಳಲ್ಲಿ, ಈ ಅಂಗಡಿಗಳ ವಿರುದ್ಧ ದನಿ ಎತ್ತಿದಳು. 2007ರಲ್ಲಿ ತೀರಿಕೊಂಡಾಗ ಅವಳಿಗೆ 26 ವರ್ಷ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಂಥ ಯಂತ್ರಗಳನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಸಾಲಿಗೆ ಸೇರಿಸಿತು. 2016ರ ಹೊತ್ತಿಗೆ ಆಸ್ಟ್ರೇಲಿಯಾದ ಎಲ್ಲ ರಾಜ್ಯಗಳಲ್ಲೂ ಅವುಗಳ ವ್ಯಾಪಾರ ನಿಷಿದ್ಧವಾಗಿತ್ತು. ಟೋಪಿಯೊಂದಿಗೆ ಬೆಳೆದ ಪೀಳಿಗೆಯಲ್ಲಿ ಈಗ ಮೆಲನೋಮಾ ಪ್ರಮಾಣ ಇಳಿಮುಖವಾಗಿದೆ. ಹಾಡು ಬರುವ ಮೊದಲೇ ಬಿಸಿಲುಂಡ ಹಿರಿಯರಲ್ಲಿ ಅಷ್ಟು ಇಳಿದಿಲ್ಲ.

ಇತ್ತ ನಮ್ಮ ಬಿಸಿಲು

‘ಬಿಸಿಲು ಅಂದರೆ ರಾಯಚೂರು, ಕಲಬುರಗಿ, ಬೆಂಗಳೂರಲ್ಲೇನು ಬಿಸಿಲು?’ ಎನ್ನುವವರಿದ್ದಾರೆ. ಸೆಕೆಯ ಮಾತಾದರೆ ಒಪ್ಪಬೇಕು. ನೇರಳಾತೀತಕ್ಕೂ ಸೆಕೆಗೂ ಸಂಬಂಧವಿಲ್ಲ. ಅದನ್ನು ಅಳೆಯಲು ಯುವಿ ಸೂಚ್ಯಂಕವಿದೆ. ಮೊಬೈಲಿನ ಹವಾಮಾನ ಪುಟದಲ್ಲೇ ಸಿಗುತ್ತದೆ. ಅಂಕಿ 3 ಮುಟ್ಟಿದರೆ ಜಾಗ್ರತೆ ಬೇಕು, 11 ಮತ್ತು ಅದಕ್ಕೂ ಮೇಲೆ ಹೋದರೆ ವಿಪರೀತ ಎಂದು ಲೆಕ್ಕ. ಮಾರ್ಚ್‌ನಿಂದ ಮೇವರೆಗಿನ ಮೋಡವಿಲ್ಲದ ಮಧ್ಯಾಹ್ನಗಳಲ್ಲಿ ಬೆಂಗಳೂರು 11 ದಾಟುವುದು ಮಾಮೂಲು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು ಇದು. ಸಾವಿರ ಮೀಟರ್ ಏರಿದರೆ ನೇರಳಾತೀತ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಮುಳ್ಳಯ್ಯನಗಿರಿಗೆ ಚಾರಣ ಹೋದವರ ಮೂಗು ತಣ್ಣನೆ ಗಾಳಿಯಲ್ಲೂ ಸುಡುವುದು ಇದಕ್ಕೇ. ತೆಳು ಮೋಡವನ್ನೂ ನಂಬುವಂತಿಲ್ಲ, ನೇರಳಾತೀತದ ಬಹುಪಾಲು ಅದನ್ನು ದಾಟಿ ಬರುತ್ತದೆ.

ಮೊಬೈಲ್ ಇಲ್ಲದವರಿಗೆ ನೆರಳೇ ಅಳತೆಗೋಲು. ನೆರಳು ನಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದರ್ಥ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ನೇರಕ್ಕೆ ಬಂದು ನೆರಳು ಕಾಲಡಿಗೇ ಸೇರಿಹೋಗುತ್ತದೆ. ‘ಶೂನ್ಯ ನೆರಳಿನ ದಿನ’ ಎಂದು ಶಾಲಾಮಕ್ಕಳು ಬಯಲಲ್ಲಿ ಕೋಲು ನೆಟ್ಟು ನೋಡುವ ಆ ಹೊತ್ತಿನಲ್ಲಿ ಕಿರಣ ಓರೆಯಾಗದೆ ಬೀಳುತ್ತಿರುತ್ತದೆ.

ಹೀಗಿದ್ದೂ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ಭಾರತದ ಒಟ್ಟು ಕ್ಯಾನ್ಸರ್‌ಗಳಲ್ಲಿ ಅದರ ಪಾಲು ಶೇ 1ರ ಆಸುಪಾಸು. ಇದರ ಶ್ರೇಯ ಮೆಲನಿನ್ ಎಂಬ ಬಣ್ಣದ ಕಣಗಳಿಗೆ ಸಲ್ಲಬೇಕು. ಮೆಲನಿನ್ ತಯಾರಿಸುವ ಕೋಶಗಳ ಸಂಖ್ಯೆ ಬಿಳಿಯರಲ್ಲೂ ಕರಿಯರಲ್ಲೂ ಹೆಚ್ಚುಕಡಿಮೆ ಒಂದೇ. ಕಪ್ಪು ಚರ್ಮದಲ್ಲಿ ಆ ಕಣಗಳು ದೊಡ್ಡವು, ಹೆಚ್ಚು, ಒತ್ತಾಗಿ ಹರಡಿದವು. ಪ್ರತಿ ಜೀವಕೋಶದ ನ್ಯೂಕ್ಲಿಯಸ್ ಮೇಲೆ ಅವು ಕೊಡೆ ಹಿಡಿದಂತೆ ಕೂರುತ್ತವೆ. ಬಿಳುಪಿನ ಕ್ರೀಮ್ ಮಾರುವವರು ದಶಕಗಳ ಕಾಲ ಅಳಿಸಿಹಾಕಿ ಎಂದು ಜಾಹೀರಾತು ಕೊಟ್ಟದ್ದು ಇದೇ ಬಣ್ಣವನ್ನು.

ಹಾಗೆಂದು ಈ ರಕ್ಷಣೆ ಎಲ್ಲರಿಗೂ ಸಮನಾಗಿ ಹಂಚಿಲ್ಲ. ಮೆಲನಿನ್ ಇಲ್ಲದೆ ಹುಟ್ಟುವ ಆಲ್ಬಿನಿಸಂ ಇದ್ದವರಿಗೆ ಉಷ್ಣವಲಯದ ಬಿಸಿಲು ತುಂಬ ಅಪಾಯಕಾರಿ. ಎಳವೆಯಿಂದಲೇ ಮೈ ಮುಚ್ಚುವ ಬಟ್ಟೆ, ಟೋಪಿ, ಸನ್‌ಸ್ಕ್ರೀನ್ ಅವರಿಗೆ ಔಷಧಿಯಷ್ಟೇ ಅಗತ್ಯ. ತೊನ್ನಿನ ಬಿಳಿ ಕಲೆಗಳೂ ಬೇಗ ಸುಡುತ್ತವೆ. ಮೂತ್ರಪಿಂಡ ಕಸಿಯಂಥ ಚಿಕಿತ್ಸೆಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಲ್ಲಿ ಚರ್ಮದ ಕ್ಯಾನ್ಸರಿನ ಸಂಭವ ಹೆಚ್ಚು. ಡಾಕ್ಸಿಸೈಕ್ಲಿನ್‌ನಂಥ ಕೆಲವು ಔಷಧಿಗಳು ಚರ್ಮ ಬಿಸಿಲಿಗೆ ಬೇಗ ಕೆರಳುವಂತೆ ಮಾಡುತ್ತವೆ. ಇನ್ನು, ಮುಖದ ಬಂಗು ಬಿಸಿಲಿಗೆ ಹೆಚ್ಚುವುದು ಮನೆಮನೆಯ ಅನುಭವ.

ಬಿಸಿಲು ಬೀಳದ ಜಾಗದಲ್ಲೂ

ಸಿಡ್ ಹಕ್ಕಿ ಕುಣಿಯತೊಡಗಿದ ಅದೇ 1981ರ ಮೇ 11ರಂದು ಜಮೈಕಾದ ಗಾಯಕ ಬಾಬ್ ಮಾರ್ಲಿ ಮೆಲನೋಮಾದಿಂದ ತೀರಿಕೊಂಡರು. ಆಗ ಅವರಿಗೆ 36 ವರ್ಷ. ರೋಗ ಶುರುವಾದದ್ದು ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗೆ. ಫುಟ್‌ಬಾಲ್ ಆಡುವಾಗ ಆದ ಪೆಟ್ಟೆಂದು ಮೊದಲು ಭಾವಿಸಲಾಗಿತ್ತು. 1977ರಲ್ಲಿ ಅದು ಕ್ಯಾನ್ಸರ್ ಎಂದು ತಿಳಿಯಿತು. ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಏಳುವ ಈ ಬಗೆಯ ಮೆಲನೋಮಾಕ್ಕೂ ಬಿಸಿಲಿಗೂ ನಂಟು ಕಾಣುವುದಿಲ್ಲ. ಆಫ್ರಿಕಾ ಮತ್ತು ಏಷ್ಯಾ ಮೂಲದವರಲ್ಲಿ ಮೆಲನೋಮಾ ಬರುವುದೇ ಅಪರೂಪ; ಬಂದರೆ ಹೆಚ್ಚಾಗಿ ಇಂಥ ಜಾಗಗಳಲ್ಲಿ. ಮುಳ್ಳು ಚುಚ್ಚಿರಬೇಕು, ಚಪ್ಪಲಿ ಕಚ್ಚಿರಬೇಕು ಎಂದುಕೊಳ್ಳುವುದರಲ್ಲೇ ತಿಂಗಳುಗಳು ಉರುಳಿ, ಆಸ್ಪತ್ರೆ ಸೇರುವ ಹೊತ್ತಿಗೆ ರೋಗ ಒಳಗೆ ಹರಡಿರುತ್ತದೆ.

ಭಾರತದಲ್ಲಿ ಚರ್ಮದ ಕ್ಯಾನ್ಸರಿಗೆ ಬೇರೆ ದಾರಿಗಳೂ ಇವೆ. ಚಳಿಗೆ ‘ಕಾಂಗ್ರಿ’ ಎಂಬ ಕೆಂಡದ ಮಡಕೆಯನ್ನು ನಿಲುವಂಗಿಯಡಿ ಇಟ್ಟುಕೊಳ್ಳುವ ಕಾಶ್ಮೀರದಲ್ಲಿ ಹೊಟ್ಟೆ, ತೊಡೆಯ ಚರ್ಮ ಸುಟ್ಟೂ ಸುಟ್ಟೂ ಕ್ಯಾನ್ಸರ್ ಆಗುವುದನ್ನು ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲೇ ಬರೆದಿಟ್ಟರು. ಮುಂಬೈಯ ರೋಗಶಾಸ್ತ್ರಜ್ಞ ವಿ.ಆರ್. ಖಾನೋಲ್ಕರ್ 1945ರಲ್ಲಿ ‘ಧೋತಿ ಕ್ಯಾನ್ಸರ್’ ಅನ್ನು ವಿವರಿಸಿದರು: ಪಂಚೆಯನ್ನು ವರ್ಷಾನುಗಟ್ಟಲೆ ಒಂದೇ ಕಡೆ ಬಿಗಿದು ಕಟ್ಟಿ, ಸೊಂಟದ ಚರ್ಮ ಉಜ್ಜಿ ಹುಣ್ಣಾಗಿ ಕೊನೆಗೆ ಕ್ಯಾನ್ಸರಿಗೆ ತಿರುಗುವುದು. ಲಂಗದ ಲಾಡಿಯಿಂದ ಹೆಂಗಸರಲ್ಲೂ ಹೀಗಾದ ಪ್ರಕರಣಗಳು ದಾಖಲಾಗಿವೆ. ಹಳೆಯ ಸುಟ್ಟಗಾಯದ ಗುರುತಿನಲ್ಲಿ, ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣಿನಲ್ಲಿ ಇದೇ ಅಪಾಯ ಅಡಗಿರುತ್ತದೆ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್ ಜನರ ಚರ್ಮದ ಮೇಲೆ ಕಲೆ, ಗಂಟುಗಳಾಗಿ ಕಾಣಿಸಿತ್ತು. ಆರ್ಸೆನಿಕ್ ದೀರ್ಘಕಾಲ ದೇಹ ಸೇರಿದರೆ ಚರ್ಮದ ಕ್ಯಾನ್ಸರ್ ತರಬಲ್ಲದು. ಇವುಗಳಿಗೆಲ್ಲ ಯಾವ ಸನ್‌ಸ್ಕ್ರೀನೂ ಮದ್ದಲ್ಲ.

ಏನು ಮಾಡಬೇಕು, ಎಷ್ಟು?

ಮೊದಲನೆಯದು ಹೊತ್ತು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಬಯಲ ಕೆಲಸ ತಪ್ಪಿಸಬಹುದಾದರೆ ಅದಕ್ಕಿಂತ ಅಗ್ಗದ ಉಪಾಯವಿಲ್ಲ. ಬೇಸಿಗೆಯಲ್ಲಿ ನಸುಕಿಗೇ ಹೊಲಕ್ಕಿಳಿದು ಏರುಬಿಸಿಲಿಗೆ ಮರದಡಿ ಸೇರುವ ರೈತರು ಯಾವ ಸೂಚ್ಯಂಕವನ್ನೂ ನೋಡಿದವರಲ್ಲ. ತಪ್ಪಿಸಲಾಗದ ಕೆಲಸಗಳಿವೆ: ರಸ್ತೆ ಡಾಂಬರು, ಕಟ್ಟಡದ ಸೆಂಟ್ರಿಂಗ್, ಮೀನುಗಾರಿಕೆ, ಟ್ರಾಫಿಕ್ ಪೊಲೀಸ್ ಡ್ಯೂಟಿ, ಬೈಕಿನ ಮೇಲೆ ಊಟ ತಲುಪಿಸುವ ಹುಡುಗರ ಓಡಾಟ.

ಅಂಥವರಿಗೆ ಎರಡನೆಯದು, ಬಟ್ಟೆ. ಒತ್ತಾದ ನೇಯ್ಗೆಯ, ಗಾಢ ಬಣ್ಣದ ಉದ್ದ ತೋಳಿನ ಅಂಗಿ ತೆಳು ಬಿಳಿ ಅಂಗಿಗಿಂತ ಹೆಚ್ಚು ಕಿರಣ ತಡೆಯುತ್ತದೆ. ಒದ್ದೆಯಾಗಿ ಮೈಗಂಟಿದ ಹತ್ತಿ ಬಟ್ಟೆಗೆ ಆ ಶಕ್ತಿ ಕಡಿಮೆ. ಕ್ರಿಕೆಟ್ ಟೋಪಿ ಹಣೆಯನ್ನಷ್ಟೇ ಕಾಯುತ್ತದೆ. ಕಿವಿ, ಕತ್ತಿನ ಹಿಂಭಾಗ ಬಯಲಿಗೇ ಬಿಟ್ಟಂತೆ. ಸುತ್ತಲೂ ಅಗಲ ಅಂಚಿರುವ ಟೋಪಿಯೋ, ತಲೆಗೆ ಸುತ್ತಿ ಕತ್ತಿನ ಮೇಲೆ ಇಳಿಬಿಟ್ಟ ಟವೆಲ್ಲೋ ವಾಸಿ. ಗದ್ದೆಯಲ್ಲಿ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ಫುಲ್ ಶರ್ಟ್ ತೊಟ್ಟು, ತಲೆಗೆ ಬಟ್ಟೆ ಕಟ್ಟಿಕೊಳ್ಳುವುದು ಆಸ್ಟ್ರೇಲಿಯಾದವರು ಹಾಡು ಕಟ್ಟಿ ಕಲಿಸಿದ ಪಾಠದ ದೊಡ್ಡ ಭಾಗವೇ.

ಸನ್‌ಸ್ಕ್ರೀನ್‌ಗೆ ಮೂರನೆಯ ಜಾಗ, ಮುಚ್ಚಲಾಗದ ಕಡೆ. ಡಬ್ಬಿಯ ಮೇಲಿನ ಎಸ್‌ಪಿಎಫ್ ಮುಖ್ಯವಾಗಿ ‘ಬಿ’ ಕಿರಣದ ಲೆಕ್ಕ. 30 ಇದ್ದರೆ ಸುಮಾರು ಶೇ 97, 50 ಇದ್ದರೆ ಸುಮಾರು ಶೇ 98 ತಡೆ; ಅಂಕಿ ಏರಿದಷ್ಟು ಬೆಲೆ ಏರುತ್ತದೆ, ರಕ್ಷಣೆ ಆ ಪ್ರಮಾಣದಲ್ಲಿ ಏರುವುದಿಲ್ಲ. ‘ಎ’ ಕಿರಣಕ್ಕಾಗಿ ‘ಬ್ರಾಡ್ ಸ್ಪೆಕ್ಟ್ರಮ್’ ಎಂಬ ಮಾತನ್ನೋ ‘ಪಿಎ’ ಮುಂದಿನ ಕೂಡು ಚಿಹ್ನೆಗಳನ್ನೋ ನೋಡಬೇಕು. ಪ್ರಯೋಗಾಲಯದಲ್ಲಿ ಈ ಅಂಕಿ ಸಿಗುವುದು ದಪ್ಪಗೆ ಬಳಿದಾಗ: ಮುಖ ಮತ್ತು ಕುತ್ತಿಗೆಗೇ ಒಂದು ಟೀ ಚಮಚ ಬೇಕು. ಹೊರಡುವ ಇಪ್ಪತ್ತು ನಿಮಿಷ ಮೊದಲು ಹಚ್ಚಿ, ಬೆವರಿದರೆ ಅಥವಾ ಎರಡು ಗಂಟೆ ಕಳೆದರೆ ಮತ್ತೆ ಹಚ್ಚಬೇಕು. ಆಸ್ಟ್ರೇಲಿಯಾದಲ್ಲಿ ಸನ್‌ಸ್ಕ್ರೀನ್ ಔಷಧ ನಿಯಂತ್ರಕರ ಕೈಕೆಳಗಿದೆ. ಅಲ್ಲೂ 2025ರಲ್ಲಿ ‘ಚಾಯ್ಸ್’ ಎಂಬ ಗ್ರಾಹಕ ಸಂಸ್ಥೆ ಪರೀಕ್ಷಿಸಿದ 20 ಕ್ರೀಮ್‌ಗಳಲ್ಲಿ 16 ತಮ್ಮ ಡಬ್ಬಿಯ ಅಂಕಿಯನ್ನು ಮುಟ್ಟಲಿಲ್ಲ. ಭಾರತದಲ್ಲಿ ಇದು ಸೌಂದರ್ಯವರ್ಧಕಗಳ ಪಟ್ಟಿಯಲ್ಲಿದೆ. ಟೋಪಿ, ಬಟ್ಟೆಗಳನ್ನು ಮೊದಲಿಡಲು ಇದೂ ಒಂದು ಕಾರಣ. ಆರು ತಿಂಗಳೊಳಗಿನ ಕೂಸಿಗೆ ಕ್ರೀಮ್ ಬೇಡ, ನೆರಳು ಸಾಕು.

ಬಿಸಿಲನ್ನು ಪೂರ್ತಿ ದೂರ ಇಟ್ಟರೂ ಕಷ್ಟ. ಚರ್ಮ ಡಿ ವಿಟಮಿನ್ ತಯಾರಿಸುವುದು ಅದೇ ‘ಬಿ’ ಕಿರಣದಿಂದ, ಮತ್ತು ನಮ್ಮ ನಗರಗಳಲ್ಲಿ ಅದರ ಕೊರತೆ ವ್ಯಾಪಕ. ಎಳೆಬಿಸಿಲಿನಿಂದ ಡಿ ವಿಟಮಿನ್ ಧಾರಾಳವಾಗಿ ಸಿಗುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಸೂರ್ಯ ತಗ್ಗಿನಲ್ಲಿರುವಾಗ ‘ಬಿ’ ಕಿರಣ ತೀರ ಕಡಿಮೆ. ತಿರುಪತಿಯಲ್ಲಿ ನಡೆದ ಅಧ್ಯಯನ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವಿನ ಬಿಸಿಲೇ ಇದಕ್ಕೆ ಹೆಚ್ಚು ಉಪಯುಕ್ತವೆಂದು ಕಂಡಿತು. ಕಂದು ಚರ್ಮದವರು ಆ ಹೊತ್ತಿನಲ್ಲಿ ಕೈಕಾಲುಗಳಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಿಸಿಕೊಂಡರೆ ಹೆದರುವಂಥದ್ದಿಲ್ಲ. ಗಂಟೆಗಟ್ಟಲೆ ಮುಖ ಒಡ್ಡುವುದು ಬೇರೆ ಮಾತು. ಆಸ್ಟ್ರೇಲಿಯಾದ ತಜ್ಞರೂ ಈಚೆಗೆ ಎಲ್ಲರಿಗೂ ಒಂದೇ ಸಲಹೆ ಕೊಡುವುದನ್ನು ಬಿಟ್ಟು ಚರ್ಮದ ಬಣ್ಣಕ್ಕೆ ತಕ್ಕಂತೆ ಮೂರು ಬಗೆಯ ಸಲಹೆ ಕೊಡುತ್ತಿದ್ದಾರೆ. ಗಾಢ ಬಣ್ಣದವರಿಗೆ ದಿನನಿತ್ಯದ ಸನ್‌ಸ್ಕ್ರೀನ್ ಕಡ್ಡಾಯವೇನಲ್ಲ. ಬಹಳ ಹೊತ್ತು ಬಯಲಲ್ಲಿರುವಾಗ ರಕ್ಷಣೆ ಬೇಕು, ಡಿ ವಿಟಮಿನ್ ಕೊರತೆಯ ಕಡೆ ಗಮನ ಇರಬೇಕು. ಮೆಲ್ಬರ್ನ್, ಸಿಡ್ನಿಗಳಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೆ ಇದು ನೇರವಾಗಿ ಅನ್ವಯಿಸುವ ಮಾತು.

ತಿಂಗಳಿಗೊಮ್ಮೆ ಸ್ನಾನದ ಹೊತ್ತಿನಲ್ಲಿ ಮೈಯನ್ನೊಮ್ಮೆ ಪರಿಶೀಲಿಸಿಕೊಳ್ಳುವುದಕ್ಕೆ ಐದು ನಿಮಿಷ ಸಾಕು. ಅಂಗಾಲು, ಬೆರಳ ಸಂದು, ಉಗುರು, ಕಿವಿಯ ಹಿಂಭಾಗ, ಕೆಳತುಟಿ, ಹಳೆಯ ಗಾಯದ ಗುರುತು, ಸೊಂಟದಲ್ಲಿ ಲಾಡಿ ಕೂರುವ ಗೆರೆ. ಬೆನ್ನನ್ನು ಮನೆಯವರು ನೋಡಲಿ. ಮಚ್ಚೆಯ ಎರಡು ಅರ್ಧಗಳು ಒಂದೇ ತೆರನಾಗಿಲ್ಲ, ಅಂಚು ಅಂಕುಡೊಂಕು, ಬಣ್ಣ ಹಲವು, ಅಗಲ ಆರು ಮಿಲಿಮೀಟರ್ ಮೀರಿದೆ, ನೋಡನೋಡುತ್ತ ಬದಲಾಗುತ್ತಿದೆ ಎಂದಾದರೆ ಚರ್ಮವೈದ್ಯರಿಗೆ ತೋರಿಸಬೇಕು. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ, ತಿಂಗಳಾದರೂ ಮಾಯದ ಹುಣ್ಣು, ಮುಟ್ಟಿದರೆ ರಕ್ತ ಒಸರುವ ಗಂಟು ಇವೂ ಅಷ್ಟೇ. ವೈದ್ಯರಿಗೆ ಅನುಮಾನ ಬಂದರೆ ಆ ಭಾಗ ಮರಗಟ್ಟಿಸಿ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಹೆಚ್ಚಿನ ಸಲ ಅದೇ ದಿನ ಮನೆಗೆ ಹೋಗಬಹುದು. ಬೇಸಲ್ ಮತ್ತು ಸ್ಕ್ವಾಮಸ್ ಬಗೆಯ ಚರ್ಮದ ಕ್ಯಾನ್ಸರ್‌ಗಳು ಸಣ್ಣದಿದ್ದಾಗಲೇ ಸಿಕ್ಕರೆ ಬಹುತೇಕ ಒಂದು ಶಸ್ತ್ರಚಿಕಿತ್ಸೆಯಲ್ಲೇ ವಾಸಿಯಾಗುತ್ತವೆ. ಮೆಲನೋಮಾದಲ್ಲೂ ಗಡ್ಡೆ ಇನ್ನೂ ಒಂದು ಮಿಲಿಮೀಟರ್ ಆಳಕ್ಕೆ ಇಳಿಯದಿರುವಾಗ ತೆಗೆದುಹಾಕಿದರೆ ಬಹುಪಾಲು ರೋಗಿಗಳು ಗುಣವಾಗುತ್ತಾರೆ.